ಪಿಕಪ್‌ಗೆ ಹೆಚ್ಚುವರಿ ರಿವರ್ಸ್ ಲೈಟ್: ಫ್ಯೂಸ್ ಯಾಕೆ ಹೋಗುತ್ತದೆ, ಕರೆಂಟ್ ಎಲ್ಲಿಂದ ತಗೋಬೇಕು?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕರಿ. ಬೊಲೆರೊ ಪಿಕಪ್ ಅದ. ತೊಗರಿ ರಾಶಿ ಟೈಮಿನಾಗ ರಾತ್ರಿ ಹೊಲದಾಗಿಂದ ಚೀಲ ತುಂಬ್ಕೊಂಡು ಕಲಬುರಗಿ ಗಂಜ್ ಮಾರ್ಕೆಟಿಗೆ ಒಯ್ತೀವಿ. ಹೊಲದ ದಾರ್ಯಾಗ ಗಾಡಿ ತಿರುಗಿಸ್ಲಿಕ್ಕ ಜಾಗ ಇರಲ್ಲ, ಹಿಂದಕ್ಕೇ ಬರಬೇಕು. ಕಂಪನಿ ಲೈಟಿನಾಗ ಏನೂ ಕಾಣಲ್ಲ. ಅದಕ್ಕ 48 ವ್ಯಾಟಿನ ಎರಡು ಎಲ್‌ಇಡಿ ಲೈಟ್ ಹಾಕಿಸಿದೆ. ಅಂಗಡ್ಯಾಗ ರಿವರ್ಸ್ ಲೈಟಿನ ವೈರಿಗೇ ಜೋಡಿಸಿ ಕೊಟ್ರು. ವಾರದಾಗ ಫ್ಯೂಸ್ ಹೋಗ್ಲಿಕ್ಕ ಚಾಲೂ ಆಯ್ತು. ಫ್ಯೂಸ್ ಹೋದ್ರ ಮೀಟರಿನ ಮುಳ್ಳೂ ಮಲಗ್ತಾವ. ಒಬ್ಬ ಮಿಸ್ತ್ರಿ 30ರ ಫ್ಯೂಸ್ ಹಾಕು ಅಂತಾನ, ಇನ್ನೊಬ್ಬ ರಿಲೇ ಬೇಕು ಅಂತಾನ, ಮತ್ತೊಬ್ಬ ಎಲ್‌ಇಡಿಗೆ ರಿಲೇ ಯಾಕ ಅಂತಾನ. ಯಾರ ಮಾತು ಖರೆ? ಬ್ಯಾರೆ ಸ್ವಿಚ್ ಇಟ್ಕೋಬಹುದಾ? ಕ್ಯಾಮೆರಾನೂ ಹಾಕಿಸಬೇಕಂತ ಮಾಡೀನಿ. ಪೊಲೀಸರು, ಆರ್‌ಟಿಒದವರು ತಕರಾರು ಮಾಡ್ತಾರಾ?

ಉತ್ತರ: ನಿಮ್ಮದು ಎರಡು ತೊಂದರೆ. ಹಿಂದೆ ಕತ್ತಲು ಎನ್ನುವುದು ಒಂದು, ಫ್ಯೂಸ್ ಹೋಗುವುದು ಇನ್ನೊಂದು. ಎರಡನೆಯದನ್ನು ಮೊದಲು ಬಗೆಹರಿಸಿ. ಮುಳ್ಳು ಮಲಗಿದ ಗಾಡಿಯಲ್ಲಿ ಎಂಜಿನ್ ಕಾದರೂ ತಿಳಿಯುವುದಿಲ್ಲ. ಮೂವರ ಮಾತಿನಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್) ಬೇಕು ಎಂದವರದ್ದು ಸರಿ. ಎಲ್‌ಇಡಿಗೆ ರಿಲೇ ಯಾಕೆ ಎಂದವರದ್ದು ಸಣ್ಣ ಲೈಟಿನ ಮಟ್ಟಿಗೆ ಅರ್ಧ ಸರಿ. 30ರ ಫ್ಯೂಸ್ ಹಾಕಿ ಎಂದವರ ಮಾತನ್ನು ಮಾತ್ರ ಕೇಳಲೇಬೇಡಿ.

ಫ್ಯೂಸ್ ಕಾಯುವುದು ವೈರನ್ನು. ಕಂಪನಿಯ ರಿವರ್ಸ್ ಲೈಟಿನಲ್ಲಿ ಸಾಮಾನ್ಯವಾಗಿ 21 ವ್ಯಾಟಿನ ಬಲ್ಬ್ ಇರುತ್ತದೆ, ಅದು ಎಳೆಯುವುದು 1.75 ಆಂಪ್. ಒಂದೋ ಎರಡೋ ಅಂಥ ಬಲ್ಬಿಗೆ ಸಾಲುವಷ್ಟೇ ತೆಳುವಾದ ವೈರ್ ಎಳೆದಿರುತ್ತಾರೆ. ಅದರ ಮೇಲೆ 30 ಆಂಪ್ ಫ್ಯೂಸ್ ಕೂರಿಸಿದರೆ ಎಲ್ಲೋ ಒಂದು ಕಡೆ ವೈರ್ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ತಾಗಿದ ದಿನ ಫ್ಯೂಸ್ ಗಟ್ಟಿಯಾಗಿ ನಿಂತಿರುತ್ತದೆ, ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್ ಗಂಟು ಕರಗುತ್ತದೆ. ಸಿಗರೇಟ್ ಪ್ಯಾಕಿನ ಬೇಗಡೆ, ಒಂದೆಳೆ ತಾಮ್ರದ ತಂತಿ ಸುತ್ತಿ ‘ಊರು ಮುಟ್ಟೋತನ’ ನಡೆಸುವುದೂ ಇದೇ ಕೆಲಸ. ಬ್ಲೇಡ್ ಫ್ಯೂಸಿನ ಬಣ್ಣ ನೆನಪಿಟ್ಟುಕೊಳ್ಳಿ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿರುವ ಸಂಖ್ಯೆಗಿಂತ ಮೇಲಿನದನ್ನು ಹಾಕಬಾರದು. ರಿವರ್ಸ್ ಲೈಟಿನ ಜೊತೆ ಆ ಫ್ಯೂಸಿನಲ್ಲಿ ಮತ್ತೇನೇನು ಸೇರಿದೆ ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಮೀಟರ್ ಸೇರಿದೆ ಎಂದು ಮುಳ್ಳುಗಳೇ ಹೇಳುತ್ತಿವೆ.

ಇನ್ನು ‘48 ವ್ಯಾಟ್’ ವಿಷಯ. ಅಗ್ಗದ ಚೌಕ ಲೈಟುಗಳ ಡಬ್ಬಿಯ ಮೇಲಿನ ಅಂಕಿ ಬಹಳ ಸಲ ಒಳಗಿರುವ ಎಲ್‌ಇಡಿ ಚಿಪ್ಪುಗಳ ಲೆಕ್ಕ, ಬ್ಯಾಟರಿಯಿಂದ ಎಳೆಯುವ ಕರೆಂಟಿನ ಲೆಕ್ಕ ಅಲ್ಲ. ನಿಜವಾಗಿ 48 ವ್ಯಾಟ್ ಆಗಿದ್ದರೆ ಒಂದು ಲೈಟಿಗೆ 4 ಆಂಪ್, ಎರಡಕ್ಕೆ 8. ಆದರೆ ಅಂಥ ಹಲವು ಅಗ್ಗದ ಲೈಟುಗಳು ಅಳೆದಾಗ ಒಂದೊಂದೂ ಒಂದೂವರೆ ಆಂಪ್ ಸುತ್ತಮುತ್ತ ನಿಲ್ಲುತ್ತವೆ. ಊಹೆ ಮಾಡುವುದಕ್ಕಿಂತ ಅಳೆಯಿರಿ: ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿಗೆ ಚುಚ್ಚಿ, ಲೈಟಿನ ಪ್ಲಸ್ ವೈರ್ ಬಿಚ್ಚಿ, ನಡುವೆ ಮೀಟರ್ ಜೋಡಿಸಿ. ಕೆಲಸ ಮುಗಿದ ಕೂಡಲೇ ಕಡ್ಡಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಬ್ಯಾಟರಿಗೆ ಮುಟ್ಟಿಸಿದರೆ ಅಲ್ಲೇ ಶಾರ್ಟ್.

ಎರಡೂ ಲೈಟ್ ಸೇರಿ 3 ಆಂಪ್ ಮಾತ್ರ ಬಂದರೆ ಆ ಭಾರಕ್ಕೇ ಫ್ಯೂಸ್ ಹೋಗುತ್ತಿರುವ ಸಾಧ್ಯತೆ ಕಡಿಮೆ, ಎಲ್ಲೋ ಶಾರ್ಟ್ ಇದೆ ಎಂದುಕೊಳ್ಳಿ. ಫ್ಯೂಸ್ ಯಾವಾಗ ಹೋಗುತ್ತದೆ ಎನ್ನುವುದನ್ನು ಗಮನಿಸಿ. ರಿವರ್ಸ್ ಗೇರ್ ಬಿದ್ದ ಕ್ಷಣವೇ ಹೋದರೆ ಲೈಟಿನ ಪ್ಲಸ್ ವೈರ್ ನೇರ ಗಾಡಿಯ ಕಬ್ಬಿಣಕ್ಕೆ ತಾಗಿದೆ, ಇಲ್ಲವೇ ಲೈಟಿನೊಳಗೆ ನೀರು ಹೊಕ್ಕಿದೆ. ಎರಡು ಮೂರು ನಿಮಿಷ ಹಿಂದಕ್ಕೆ ಬಂದ ಮೇಲೆ ಹೋದರೆ ಅದು ಕರೆಂಟಿನ ಭಾರ. ಹೊಲದ ದಾರಿಯಲ್ಲಿ ಎಗರಾಡಿದಾಗ ಮಾತ್ರ ಹೋದರೆ, ನನ್ನ ಅಂದಾಜಿನಲ್ಲಿ ನಿಮ್ಮದು ಇದೇ, ಲೋಡ್ ಬಾಡಿಗೂ ಚಾಸಿಗೂ ನಡುವೆ ವೈರ್ ಸಿಕ್ಕಿಕೊಂಡು ಮೇಲಿನ ಪ್ಲಾಸ್ಟಿಕ್ ಸವೆದಿದೆ. ಖಾಲಿ ಗಾಡಿ ನಿಂತಾಗ ಎಲ್ಲ ಸರಿ ಇರುತ್ತದೆ. ಚೀಲ ಏರಿ ಬಾಡಿ ಅಲುಗಿದಾಗ ತಾಮ್ರ ಕಬ್ಬಿಣಕ್ಕೆ ತಾಗುತ್ತದೆ. ವಾರ ಕಳೆದ ಮೇಲೆ ತೊಂದರೆ ಶುರುವಾಗಿದ್ದೂ ಅದಕ್ಕೇ ಹೊಂದುತ್ತದೆ.

ಇದನ್ನು ಹುಡುಕಲು ಡಜನ್ ಫ್ಯೂಸ್ ಸುಡಬೇಕಿಲ್ಲ. ಹಳೆಯ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು, ತುದಿಗೆ ಬ್ಲೇಡ್ ಟರ್ಮಿನಲ್ ಹಾಕಿ, ಫ್ಯೂಸ್ ಇರುವ ಜಾಗದಲ್ಲಿ ಚುಚ್ಚಿ. ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಬಂದ್ ಇಟ್ಟು, ಚಾವಿ ಆನ್ ಮಾಡಿ ರಿವರ್ಸ್ ಗೇರ್ ಹಾಕಿ. ಕಂಪನಿಯ ರಿವರ್ಸ್ ಬಲ್ಬನ್ನೂ ಹೊಸ ಲೈಟುಗಳನ್ನೂ ಕಳಚಿರಬೇಕು. ಈಗ ಒಬ್ಬರು ಗೇರ್ ಬಾಕ್ಸಿನಿಂದ ಹಿಂದಿನವರೆಗೆ ವೈರನ್ನು ಗೇಣು ಗೇಣಿಗೆ ಅಲುಗಿಸುತ್ತ ಹೋಗಲಿ, ಇನ್ನೊಬ್ಬರು ಬಲ್ಬ್ ನೋಡುತ್ತಿರಲಿ. ಮೀಟರಿಗೆ ಹೋಗುವ ಕರೆಂಟಿಗೆ ಬಲ್ಬ್ ಮಂದವಾಗಿ ಹತ್ತಿರಬಹುದು. ಯಾವ ಜಾಗ ಮುಟ್ಟಿದಾಗ ಅದು ಫಕ್ಕನೆ ಪೂರ್ತಿ ಬೆಳಗುತ್ತದೋ ಅಲ್ಲಿದೆ ಶಾರ್ಟ್. ಬಲ್ಬ್ ನಡುವೆ ಇರುವುದರಿಂದ ಎಷ್ಟೇ ಶಾರ್ಟ್ ಆದರೂ 2 ಆಂಪಿನೊಳಗೇ ಹರಿಯುತ್ತದೆ, ವೈರ್ ಬಿಸಿಯಾಗುವುದಿಲ್ಲ.

ಅಂಗಡಿಯವರು ಮಾಡಿದಂತೆ ರಿವರ್ಸ್ ವೈರಿಗೇ ಜೋಡಿಸುವುದರಲ್ಲಿ ಇನ್ನೊಂದು ಪೆಟ್ಟು ಇದೆ. ಆ ಕರೆಂಟೆಲ್ಲ ಗೇರ್ ಬಾಕ್ಸಿಗೆ ತಿರುಗಿಸಿ ಕೂರಿಸಿರುವ ರಿವರ್ಸ್ ಸ್ವಿಚ್ಚಿನ ಸಣ್ಣ ಪಾಯಿಂಟುಗಳ ಮೂಲಕವೇ ಹರಿಯಬೇಕು. 55 ವ್ಯಾಟಿನ ಹ್ಯಾಲೊಜೆನ್ ಎರಡು ಹಾಕಿದರೆ 9 ಆಂಪ್ ದಾಟುತ್ತದೆ. ಪಾಯಿಂಟ್ ಸುಟ್ಟರೆ ಹೊಸ ಲೈಟಿನ ಜೊತೆ ಕಂಪನಿಯ ಲೈಟೂ, ರಿವರ್ಸ್ ಬಝರ್ ಇದ್ದರೆ ಅದೂ ಹೋಗುತ್ತದೆ.

ಹೊಸ ಲೈಟಿನ ಕೆಲಸಕ್ಕೆ ಕೈಹಾಕುವ ಮುಂಚೆ ಕಂಪನಿಯ ಲೈಟನ್ನು ಒಮ್ಮೆ ನೋಡಿ. ಎರೆ ಹೊಲದ ರಾಡಿ ಗಾಜಿನ ಮೇಲೆ ಒಣಗಿದರೆ ಒರೆಸಿದರೂ ಮಂಕು ಉಳಿಯುತ್ತದೆ, ನೀರಲ್ಲಿ ನೆನೆಸಿಯೇ ತೆಗೆಯಬೇಕು. ಆಮೇಲೆ ಎಂಜಿನ್ ಚಾಲೂ ಇರುವಾಗ ಬ್ಯಾಟರಿಯ ಮೇಲೆ ವೋಲ್ಟ್ ಅಳೆಯಿರಿ, ಸುಮಾರು 14 ಇರುತ್ತದೆ. ಬಳಿಕ ರಿವರ್ಸ್ ಬಲ್ಬಿನ ಹೋಲ್ಡರಿನಲ್ಲೂ ಅಳೆಯಬೇಕು, ಅದೊಂದು ಅಳತೆಗೆ ಗೇರ್ ರಿವರ್ಸಿನಲ್ಲಿ, ಎಂಜಿನ್ ಚಾಲೂ ಇರಬೇಕಾಗುತ್ತದೆ. ಹಾಗಾಗಿ ಗಾಲಿಗೆ ಕಲ್ಲು, ಹ್ಯಾಂಡ್ ಬ್ರೇಕು, ಕ್ಲಚ್ ಮೇಲೆ ಗಟ್ಟಿ ಕಾಲಿಟ್ಟ ಒಬ್ಬರು ಬೇಕೇ ಬೇಕು, ಅಳೆಯುವವರು ಗಾಡಿಯ ಬದಿಗೆ ನಿಲ್ಲಬೇಕು. ಹೋಲ್ಡರಿನಲ್ಲಿ 12ಕ್ಕಿಂತ ಕಡಿಮೆ ತೋರಿಸಿದರೆ ಅರ್ಥಿಂಗ್ (ಕರೆಂಟ್ ಚಾಸಿ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ಜೋಡಣೆ) ಅಥವಾ ಹೋಲ್ಡರ್ ಕೆಟ್ಟಿದೆ. ತಂತಿ ಬಲ್ಬಿನ ಸ್ವಭಾವವೇ ಹಾಗೆ: ವೋಲ್ಟೇಜ್ ಹತ್ತನೇ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿಯುತ್ತದೆ. ತುಕ್ಕು ಹಿಡಿದ ಅರ್ಥ್ ಬೋಲ್ಟ್ ಉಜ್ಜಿ ಕೂರಿಸಿದ್ದಕ್ಕೇ ಎಷ್ಟೋ ಪಿಕಪ್‌ಗಳ ಹಿಂದಿನ ಕತ್ತಲು ಅರ್ಧ ಹೋಗುತ್ತದೆ.

ಅಷ್ಟಕ್ಕೇ ಸಾಲದೆ ಹೋದರೆ, ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ಹಾಕುವುದು ಕಡಿಮೆ ಖರ್ಚಿನ ದಾರಿ. ಆದರೆ ಆ ಲೈಟಿನ ಹಿಂದಿರುವ ಕನ್ನಡಿಯಂಥ ಬಟ್ಟಲನ್ನು ತಂತಿ ಬಲ್ಬ್ ಎಲ್ಲಿ ಉರಿಯುತ್ತದೋ ಆ ಬಿಂದುವಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹುಟ್ಟುವ ಜಾಗ ಬೇರೆ. ಹಾಗಾಗಿ ನೋಡಲು ಝಗ್ಗೆನ್ನುತ್ತದೆ, ನೆಲದ ಮೇಲೆ ಮಚ್ಚೆ ಮಚ್ಚೆ ಬೀಳುತ್ತದೆ. ನಿಮ್ಮ ಕೆಲಸಕ್ಕೆ ಇದು ಸಾಲದು. ಎರಡು ಸಣ್ಣ ಎಲ್‌ಇಡಿ, ಎರಡೂ ಸೇರಿ ಅಳೆದಾಗ ಒಂದೂವರೆ ಆಂಪಿನೊಳಗೆ ಇದ್ದರೆ ರಿಲೇ ಇಲ್ಲದೆ ರಿವರ್ಸ್ ವೈರಿಗೇ ಕೊಟ್ಟರೂ ನಡೆಯುತ್ತದೆ. ಊರೊಳಗೆ ಓಡಾಡುವ ಗಾಡಿಗೆ ಅಷ್ಟು ಸಾಕು. ಹೊಲಕ್ಕೆ ಇಳಿಯುವ ಗಾಡಿಗೆ ರಿಲೇ ಹಾಕಿಸಿ.

ರಿಲೇ ಕೆಲಸ ಇಷ್ಟೇ: ಕಂಪನಿಯ ರಿವರ್ಸ್ ವೈರ್ ‘ಗೇರ್ ಬಿದ್ದಿದೆ’ ಎಂಬ ಸುದ್ದಿ ಮುಟ್ಟಿಸುತ್ತದೆ, ಲೈಟಿನ ಕರೆಂಟ್ ಬ್ಯಾಟರಿಯಿಂದ ಬೇರೆ ದಾರಿಯಲ್ಲಿ ಬರುತ್ತದೆ. ರಿಲೇಯ ಕಾಯಿಲ್ ಎಳೆಯುವುದು 0.2 ಆಂಪಿನೊಳಗೆ. ಗೇರ್ ಬಾಕ್ಸಿನ ಸ್ವಿಚ್ಚಿಗೆ ಅದು ಗೊತ್ತೂ ಆಗುವುದಿಲ್ಲ.

ಸಾಮಾನು: 12 ವೋಲ್ಟಿನ 30 ಅಥವಾ 40 ಆಂಪ್ ನಾಲ್ಕು ಕಾಲಿನ ರಿಲೇ ಮತ್ತು ಅದರ ಸಾಕೆಟ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, 7.5 ಆಂಪ್ ಫ್ಯೂಸ್, 1.5 ಚದರ ಮಿ.ಮೀ. ವೈರ್ 7 ಮೀಟರ್, 0.75ರ ವೈರ್ ಅಷ್ಟೇ ಉದ್ದ, ಸುತ್ತು ಸುತ್ತಿನ ಪ್ಲಾಸ್ಟಿಕ್ ಪೈಪ್, ರಿಂಗ್ ಟರ್ಮಿನಲ್, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ). ಕಪ್ಪು ಇನ್ಸುಲೇಷನ್ ಟೇಪ್ ನೆಚ್ಚಬೇಡಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಅದರ ಅಂಟು ಇಳಿದು ಸುರುಳಿ ತಾನಾಗಿ ಬಿಚ್ಚುತ್ತದೆ.

ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ಕಳಚಿ, ಕೊನೆಗೆ ಅದನ್ನೇ ಜೋಡಿಸಿ. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್ ಬರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡನ್ನು ಯಾರೂ ಕಾಯುವವರಿಲ್ಲ, ಅದಕ್ಕೇ ಅದು ಗಿಡ್ಡ ಇರಬೇಕು. ಫ್ಯೂಸಿನಿಂದ ರಿಲೇಯ 30ಕ್ಕೆ. ರಿಲೇಯ 87ರಿಂದ ಹಿಂದಿನ ಲೈಟುಗಳಿಗೆ. ಕಂಪನಿಯ ರಿವರ್ಸ್ ಲೈಟಿನ ಪ್ಲಸ್‌ನಿಂದ 0.75ರ ವೈರ್ ಬಂದು 86ಕ್ಕೆ. 85ರಿಂದ ಚಾಸಿಗೆ ಅರ್ಥ್. ಅಂಗಡಿಯಲ್ಲಿ ಐದು ಕಾಲಿನ ರಿಲೇ ಕೊಟ್ಟರೆ ನಡುವಿನ 87ಎ ಕಾಲನ್ನು ಖಾಲಿ ಬಿಡಿ. ಅದಕ್ಕೆ ಲೈಟ್ ಜೋಡಿಸಿದರೆ ರಿವರ್ಸ್ ಹಾಕಿದಾಗ ಆರಿ, ಉಳಿದ ಹೊತ್ತೆಲ್ಲ ಹತ್ತಿ, ರಾತ್ರಿ ಕಳೆಯುವುದರಲ್ಲಿ ಬ್ಯಾಟರಿ ಇಳಿಯುತ್ತದೆ. ಬಿಎಸ್6 ಗಾಡಿಯಾದರೆ ಡಯೋಡ್ ಒಳಗೇ ಇರುವ ರಿಲೇ ಕೇಳಿ. ಕಾಯಿಲ್ ಬಂದ್ ಆಗುವಾಗ ಏಳುವ ವೋಲ್ಟೇಜ್ ಏಟು ಎಲೆಕ್ಟ್ರಾನಿಕ್ಸ್ ಕಡೆ ಹೋಗದಂತೆ ಅದು ತಡೆಯುತ್ತದೆ. ಅಂಥ ರಿಲೇಯಲ್ಲಿ 86ಕ್ಕೆ ಪ್ಲಸ್, 85ಕ್ಕೆ ಮೈನಸ್ ಅದಲುಬದಲಾಗಬಾರದು.

ರಿಲೇಯನ್ನು ಬಾನೆಟ್ ಒಳಗೆ, ಬ್ಯಾಟರಿ ಹತ್ತಿರ, ಕಾಲುಗಳು ಕೆಳಮುಖವಾಗಿ ಕೂರಿಸಿ. ಹಿಂದೆ ಟೇಲ್ ಲ್ಯಾಂಪ್ ಪಕ್ಕದಲ್ಲೇ ಇಟ್ಟರೆ ಸಣ್ಣ ವೈರ್ ಉಳಿಯುತ್ತದೆ ನಿಜ. ಆದರೆ ಅಲ್ಲಿ ರಾಡಿ ಹೊಡೆಯುತ್ತದೆ, ಮೇಲಾಗಿ ಹಿಂದಿನವರೆಗೆ ಹೋದ ದಪ್ಪ ವೈರಿನಲ್ಲಿ ಹಗಲಿರುಳು ಕರೆಂಟ್ ನಿಂತಿರುತ್ತದೆ. ಮುಂದೆ ಇಟ್ಟರೆ ಚಾಸಿ ಕೆಳಗಿನ ಉದ್ದ ವೈರಿನಲ್ಲಿ ರಿವರ್ಸ್ ಹಾಕಿದಾಗ ಮಾತ್ರ ಕರೆಂಟ್.

ವೈರ್ ದಪ್ಪದ ಲೆಕ್ಕ ಹೀಗೆ. 3 ಆಂಪ್, 6 ಮೀಟರ್, 1.5ರ ತಾಮ್ರ: ಹೋಗುವ ದಾರಿಯಲ್ಲಿ 0.2 ವೋಲ್ಟ್ ಕಳೆಯುತ್ತದೆ. ಅದೇ ಸ್ಪೀಕರಿಗೆ ಹಾಕುವಂಥ 0.5ರ ವೈರ್ ಎಳೆದರೆ 0.6 ವೋಲ್ಟ್. ಲೈಟ್ ನಿಜವಾಗಿಯೂ 48 ವ್ಯಾಟ್ ಎಳೆಯುವಂಥದ್ದಾದರೆ 2.5ರ ವೈರ್, 15 ಆಂಪ್ ಫ್ಯೂಸ್ ತಗೊಳ್ಳಿ. ಆದರೆ ಅಷ್ಟು ಬೆಳಕು ನಿಮಗೆ ಬೇಕಿಲ್ಲ, ಕಾರಣ ಮುಂದೆ ಬರುತ್ತದೆ.

ಲೈಟಿನ ಅರ್ಥ್ ವೈರನ್ನು ಲೋಡ್ ಬಾಡಿಯ ಕಬ್ಬಿಣಕ್ಕೆ ಕೊಡಬೇಡಿ. ಬಾಡಿ ಚಾಸಿಯ ಮೇಲೆ ರಬ್ಬರ್, ಪೇಂಟ್ ನಡುವೆ ಬೋಲ್ಟಿನಿಂದ ಕೂತಿರುತ್ತದೆ, ಅದರ ಅರ್ಥಿಂಗ್ ನಂಬಲಾಗದು. ಚಾಸಿಯ ಮೇಲೆ ಈಗಾಗಲೇ ಇರುವ ತೂತು ಹುಡುಕಿ, ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ರಿಂಗ್ ಟರ್ಮಿನಲ್ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಚಾಸಿಗೆ ಹೊಸ ತೂತು ಕೊರೆಯುವುದು, ಬ್ರಾಕೆಟ್ ವೆಲ್ಡಿಂಗ್ ಮಾಡಿಸುವುದು ಬೇಡ. ಭಾರ ಹೊರುವ ಉದ್ದ ಕಂಬಿ ಬಿರುಕು ಬಿಡುವುದು ಇಂಥ ಜಾಗದಿಂದಲೇ. ವೈರನ್ನು ಸೈಲೆನ್ಸರ್ ಇರುವ ಬದಿಯಲ್ಲಿ ಒಯ್ಯಬೇಡಿ, ಬ್ರೇಕ್ ಪೈಪಿಗೂ ಡೀಸೆಲ್ ಪೈಪಿಗೂ ಕಟ್ಟಬೇಡಿ. ಗೇಣಿಗೊಂದರಂತೆ ಟೈ ಹಾಕಿ. ತೂತಿನ ಮೂಲಕ ಹಾಯುವ ಕಡೆ ರಬ್ಬರ್ ಬುಷ್ ಕಡ್ಡಾಯ. ರಾಶಿ ಕಾಲದಲ್ಲಿ ಗಾಡಿ ಕಣದಲ್ಲೇ ನಿಲ್ಲುವವರು ಇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಬೇರೇನಕ್ಕಲ್ಲದಿದ್ದರೂ ಅದಕ್ಕಾಗಿ ಪೈಪ್ ಹಾಕಿಸಿ.

ಈಗ ಬೆಳಕು ಎಲ್ಲಿ ಬೀಳಬೇಕು ಎನ್ನುವುದು. ಜನ ವ್ಯಾಟ್ ಮೇಲೆ ದುಡ್ಡು ಸುರಿದು ಕೋನವನ್ನು ಕೈಯಂದಾಜಿಗೆ ಬಿಡುತ್ತಾರೆ. ಹಿಂದಕ್ಕೆ ಬರುವಾಗ ನಿಮ್ಮ ವೇಗ ನಡಿಗೆಯಷ್ಟು. 50 ಮೀಟರ್ ಆಚೆಯ ಜಾಲಿಗಿಡ ಕಂಡು ಏನೂ ಆಗಬೇಕಿಲ್ಲ, ಆರು ಮೀಟರ್ ಒಳಗಿನ ಒಡ್ಡು, ಕಾಲುವೆ ಅಂಚು, ಚೀಲ ಹೊತ್ತು ನಿಂತ ಮನುಷ್ಯ ಕನ್ನಡಿಯಲ್ಲಿ ಕಾಣಬೇಕು. ಹೀಗಾಗಿ ಬೆಳಕು ಅಗಲಕ್ಕೆ ಹರಡುವ ಫ್ಲಡ್ ಲೈಟ್, ಒಂದೊಂದು 15ರಿಂದ 20 ವ್ಯಾಟ್ ಎಳೆಯುವಂಥದ್ದು, ಬೇಕಾದಷ್ಟಾಯಿತು. ದೂರಕ್ಕೆ ಹೊಡೆಯುವ ಸ್ಪಾಟ್ ಲೈಟ್ ಇಲ್ಲಿ ದಂಡ. ಬಣ್ಣ 6500 ಕೆಲ್ವಿನ್ನಿನ ನೀಲಿ ಬಿಳುಪು ಬೇಡ, ರಾಶಿಯ ಹೊಟ್ಟು, ಧೂಳಿನಲ್ಲಿ ಅದು ಕಣ್ಣಿಗೇ ವಾಪಸ್ ಹೊಡೆಯುತ್ತದೆ. 4000ದಿಂದ 5000 ಇರಲಿ. ವಾಟರ್ ಸರ್ವೀಸಿಂಗ್ ಮಾಡಿಸುವವರಾದರೆ ಲೈಟಿನ ಮೇಲೆ ಐಪಿ67 (ನೀರು, ಧೂಳು ಹೊಗದ ಗುರುತು) ಇದ್ದರೂ ಪ್ರೆಶರ್ ಪೈಪನ್ನು ನೇರ ಲೈಟಿನ ಅಂಚಿಗೆ ಹಿಡಿಸಬೇಡಿ. ಆ ಪರೀಕ್ಷೆ ಮುಳುಗುವುದಕ್ಕೆ, ಒತ್ತಡದ ನೀರಿಗಲ್ಲ.

ಕೂರಿಸುವ ಜಾಗ: ಹಿಂದಿನ ಅಡ್ಡ ಕಂಬಿಯ ಎರಡು ತುದಿ, ನೆಲದಿಂದ 60-70 ಸೆಂ.ಮೀ. ಎತ್ತರ. ಹಿಂದಿನ ಡಾಲಾ (ಲೋಡ್ ಬಾಡಿಯ ಹಿಂಬಾಗಿಲು) ಪೂರ್ತಿ ಕೆಳಗೆ ಬಿಟ್ಟು ನೋಡಿ, ಅದು ಲೈಟನ್ನು ಮುಚ್ಚುವಂತಿದ್ದರೆ ಜಾಗ ಬದಲಿಸಿ. ಡಾಲಾ ಬಿಟ್ಟುಕೊಂಡೇ ರಾಶಿ ಹತ್ತಿರ ಹಿಂದಕ್ಕೆ ಬರುವುದು ನಿಮ್ಮಲ್ಲಿ ದಿನದ ಮಾತು. ಕ್ಯಾಬಿನ್ ಹಿಂದಿನ ಕಂಬಿಯ ಮೇಲೆ ಹಾಕಿಸುವ ಚಾಳಿ ಒಂದಿದೆ, ನನಗೆ ಅದು ಸರಿಬರುವುದಿಲ್ಲ. ಚೀಲ ಏರಿದ ಮೇಲೆ ಬೆಳಕೆಲ್ಲ ಚೀಲದ ಬೆನ್ನಿಗೆ ಬಡಿದು ನಿಮ್ಮ ಕನ್ನಡಿಗೇ ಮರಳುತ್ತದೆ, ನೆಲ ಕಪ್ಪಗೇ ಇರುತ್ತದೆ.

ಕೋನಕ್ಕೆ ಗೋಡೆಯ ಲೆಕ್ಕ. ಖಾಲಿ ಗಾಡಿಯನ್ನು ಸಮ ನೆಲದಲ್ಲಿ, ಲೈಟಿನ ಮುಖ ಗೋಡೆಯಿಂದ ಸರಿಯಾಗಿ 1 ಮೀಟರ್ ದೂರ ಇರುವಂತೆ ನಿಲ್ಲಿಸಿ. ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಮಾಡಿ, ಬೆಳಕಿನ ನಡು ಆ ಗುರುತಿಗಿಂತ 12 ಸೆಂ.ಮೀ. ಕೆಳಗೆ ಬೀಳುವಂತೆ ಬಾಗಿಸಿ. 70 ಸೆಂ.ಮೀ. ಎತ್ತರದ ಲೈಟ್ ಹೀಗೆ ಇಟ್ಟರೆ ಸುಮಾರು 6 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಖಾಲಿ ಗಾಡಿಗೆ 6 ಮೀಟರ್ ಜಾಸ್ತಿ ಅನಿಸಬಹುದು. ಆದರೆ ಲೋಡ್ ಬಿದ್ದಾಗ ಪಾಟಾ (ಸ್ಪ್ರಿಂಗ್ ಪಟ್ಟಿ) ಕುಗ್ಗಿ ಹಿಂಭಾಗ 8-10 ಸೆಂ.ಮೀ. ಇಳಿದರೆ ಮುಂದಿನ ಹೆಡ್‌ಲೈಟ್ ಆಕಾಶ ನೋಡುತ್ತದೆ, ಹಿಂದಿನ ಲೈಟ್ ಇನ್ನಷ್ಟು ನೆಲ ನೋಡುತ್ತದೆ. ಆಗ ಅದೇ 6 ಮೀಟರ್ 4 ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಖಾಲಿ ಇದ್ದಾಗಲೇ 4ಕ್ಕೆ ಇಟ್ಟರೆ ಲೋಡಿನಲ್ಲಿ ಬಂಪರ್ ಬುಡ ಮಾತ್ರ ಬೆಳಗುತ್ತದೆ. ಎರಡೂ ಲೈಟನ್ನು ಸ್ವಲ್ಪ ಹೊರಮುಖ ತಿರುಗಿಸಿ, ನೀವು ಕನ್ನಡಿಯಲ್ಲಿ ನೋಡುವುದು ಬದಿಗಳನ್ನೇ.

ಕ್ಯಾಮೆರಾ ಹಾಕಿಸಿ, ಒಳ್ಳೆಯದೇ. ಲೈಟಿನಿಂದ ಕನಿಷ್ಠ ಒಂದಡಿ ದೂರ, ಲೈಟಿಗಿಂತ ಮೇಲೆ ಇರಲಿ. ಲೈಟಿನ ಅಂಚು ಕ್ಯಾಮೆರಾಕ್ಕೆ ಕಂಡರೆ ಪರದೆ ತುಂಬ ಬಿಳಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಕ್ಯಾಮೆರಾದ ಕರೆಂಟನ್ನು ಹೊಸ ಲೈಟಿನ ವೈರಿನಿಂದ ತೆಗೆಯದೆ ಅದರ ಕಿಟ್ಟಿನ ಜೊತೆ ಬಂದ ಫ್ಯೂಸ್ ಮೂಲಕವೇ ಕೊಡಿಸಿ.

ಕಾಯ್ದೆ ಬಗ್ಗೆ. ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮದ ಪ್ರಕಾರ ಗಾಡಿ ಹಿಂದಕ್ಕೆ ಕೆಂಪು ಬಿಟ್ಟು ಬೇರೆ ಬೆಳಕು ತೋರಿಸುವಂತಿಲ್ಲ. ವಿನಾಯಿತಿ ಇರುವ ಕೆಲವೇ ಬೆಳಕುಗಳಲ್ಲಿ ರಿವರ್ಸ್ ಬರುವಾಗ ಬೆಳಗುವ ಬಿಳಿ ಲೈಟ್ ಒಂದು. ಅಂದರೆ ಬಣ್ಣ ಬಿಳಿಯೇ ಇರಬೇಕು, ರಿವರ್ಸ್ ಗೇರಿನಲ್ಲಿ ಮಾತ್ರ ಹತ್ತಬೇಕು. ಇದರಿಂದ ನಿಮ್ಮ ಸ್ವಿಚ್ಚಿನ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು: ಮುಂದಕ್ಕೆ ಓಡುವಾಗಲೂ ಹತ್ತಿಸಬಲ್ಲ ಸ್ವಿಚ್ ಬೇಡ. ಹಿಂದೆ ಬರುವ ಬೈಕಿನವನ ಕಣ್ಣಿಗೆ ಅದು ಎದುರಿನಿಂದ ಬರುತ್ತಿರುವ ಗಾಡಿಯ ಹೆಡ್‌ಲೈಟಿನಂತೆ ಕಾಣುತ್ತದೆ. ಸ್ವಿಚ್ ಇಟ್ಟರೆ ರಿಲೇಯ 85ರ ಅರ್ಥ್ ವೈರ್ ನಡುವೆ ಇಡಿಸಿ. ಊರೊಳಗೆ ಬೇಡವೆನಿಸಿದಾಗ ಹೊಸ ಲೈಟ್ ಆರಿಸಬಹುದು, ಗೇರ್ ಇಲ್ಲದೆ ಹತ್ತಿಸಲು ಆಗುವುದಿಲ್ಲ. ನಿಂತ ಗಾಡಿಗೆ ಚೀಲ ತುಂಬಲು ಬೆಳಕು ಬೇಕಾದರೆ ಬಾಡಿಯ ಒಳಗೆ ಕೆಳಮುಖವಾಗಿ ಇನ್ನೊಂದು ಸಣ್ಣ ಲೈಟ್, ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಸೂಚನಾ ದೀಪವಿರುವ ಸ್ವಿಚ್ ಹಾಕಿಸಿ.

ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಲು) ಹೋಗುವಾಗ ಇನ್‌ಸ್ಪೆಕ್ಟರ್ ಹೆಚ್ಚುವರಿ ಲೈಟ್ ತೆಗೆಸಿ ಎಂದರೆ ವಾದ ಬೆಳೆಸಬೇಡಿ. ಲೈಟಿನ ಹತ್ತಿರ ನೀರು ಹೊಗದ ಪ್ಲಗ್ ಕನೆಕ್ಟರ್ ಹಾಕಿಸಿದ್ದರೆ ಎರಡು ಬೋಲ್ಟಿನ ಕೆಲಸ ಅದು. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ವೈರ್ ಕತ್ತರಿಸಿದ್ದನ್ನು ಸರ್ವೀಸ್ ಸೆಂಟರಿನವರು ಹಿಡಿದು ವೈರಿಂಗ್ ಕ್ಲೇಮ್ ನಿರಾಕರಿಸಬಹುದು. ಟೇಲ್ ಲ್ಯಾಂಪ್ ಕನೆಕ್ಟರಿಗೆ ಹೊಂದುವ ಗಂಡು-ಹೆಣ್ಣು ಜೋಡಿ ಸಿಕ್ಕರೆ ಕತ್ತರಿಯ ಕೆಲಸವೇ ಬರುವುದಿಲ್ಲ.

ಕೊನೆಗೆ, ಅಂಗಡಿಯವರು ಈಗಾಗಲೇ ಮಾಡಿರುವ ಜೋಡಣೆಯನ್ನು ಹಾಗೇ ಬಿಡಬೇಡಿ. ರಿವರ್ಸ್ ವೈರಿನ ಸಿಪ್ಪೆ ಸುಲಿದು ಸುತ್ತಿ ಟೇಪ್ ಹಾಕಿರುತ್ತಾರೆ, ಇಲ್ಲವೇ ಕಚ್ಚುವ ನೀಲಿ ಕ್ಲಿಪ್ ಒತ್ತಿರುತ್ತಾರೆ. ಕ್ಲಿಪ್ಪಿನ ಹಲ್ಲು ತಾಮ್ರದ ಒಂದೆರಡು ಎಳೆ ಕಡಿದಿರುತ್ತದೆ, ಆ ಗಾಯದಲ್ಲಿ ಮಳೆನೀರು ಕೂತು ತಾಮ್ರ ಹಸಿರುಗಟ್ಟುತ್ತದೆ. ಆ ತುಂಡು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಕ್ರಿಂಪ್ ಮಾಡಿಸಿ, ಅಂಟಿನ ಸ್ಲೀವ್ ಏರಿಸಿ ಬಿಸಿ ಮಾಡಿಸಿ. ಹೊಸ ಲೈಟ್ ಹತ್ತುವ ಮುಂಚೆ, ಮುಚ್ಚಳದ ಮೇಲೆ ಬರೆದಷ್ಟೇ ಆಂಪಿನ ಫ್ಯೂಸ್ ಹಾಕಿ, ಕಂಪನಿಯ ಲೈಟ್ ಮಾತ್ರ ಇಟ್ಟುಕೊಂಡು, ಲೋಡ್ ಸಮೇತ ಎರಡು ಮೂರು ದಿನ ಹೊಲದ ದಾರಿಯಲ್ಲಿ ಓಡಿಸಿ. ಆಗಲೂ ಫ್ಯೂಸ್ ಹೋದರೆ ಶಾರ್ಟ್ ಇನ್ನೂ ಸಿಕ್ಕಿಲ್ಲ, 21 ವ್ಯಾಟ್ ಬಲ್ಬ್ ಹಿಡಿದು ಮತ್ತೆ ಚಾಸಿ ಕೆಳಗೆ ಇಳಿಯಬೇಕು.